ಸಪಾಟ ಹಲಗೆ

ಮಾಸ್ತರರ ತಾಯಿ ತಂಬಿಗೆ ಬಗ್ಗಿಸಿ ಹೊಸ ಮೇಜಿನ ಮೇಲೆ ನೀರು ಸುರಿದಾಗ ಕೇದಾರಿ ಇನ್ನೂ ಅದರ ಕಾಲಿನ ಬಳಿಯೇ ಕುಕ್ಕರಗಾಲಲ್ಲಿ ಕೂತಿದ್ದ. ಗೋಕಾಕದ ಮಾಸ್ತರರ ಮನೆಯ ಹೊರಪಡಸಾಲೆಯ ಕಲ್ಲುನೆಲ ಏರುಪೇರು. ಒಂದು ಕಾಲಿನಡಿ ಮರದ ಬೆಣೆ ಬಡಿದು ಈಗಷ್ಟೇ ಮೇಜನ್ನು ಸಮ ಮಾಡಿದ್ದ.

"ಕೇರಿಯವನ ಕೈ ಹತ್ತೇತಿ. ತೊಳೀದ ನಮ್ಮ ಹುಡುಗ್ರು ಹೆಂಗ ಮುಟ್ಟತಾವು?" ಎಂದಳು ಮುದುಕಿ.

ಕೇದಾರಿ ಮಾಸ್ತರರ ಮುಖ ನೋಡಿದ. "ಹಲಗಿ ಸೊಟ್ಟಾದ್ರ ಹುಡುಗ್ರು ಮಾಡೋ ಆಟಗಿ ವಿಮಾನದ ರೆಕ್ಕಿನೂ ಸೊಟ್ಟ ಆಗ್ತಾವು. ಸಪಾಟ ಮಾಡಿಕೊಡು, ಮೊದಲನೇ ವಿಮಾನ ನಮ್ಮ ಕೂಡ ಕೂತು ನೀನೂ ಮಾಡು" ಎಂದಿದ್ದವರು ಇವರೇ. ಅರ್ಧಕ್ಕೆ ಸಾಲಿ ಬಿಟ್ಟಿದ್ದ ಕೇದಾರಿ ಆ ಒಂದು ಮಾತಿಗಾಗಿ ಜೀವ ತೇಯ್ದು ಹಲಗೆ ಹೆರೆದಿದ್ದ.

"ನಮ್ಮವ್ವಗ ವಯಸ್ಸಾಗೇತಿ, ಮನಸಿಗೆ ಹಚ್ಕೋಬ್ಯಾಡ. ನೀ ಅಂಗಳದಾಗ ನಿಂತು ನೋಡು" ಎಂದರು ಮಾಸ್ತರರು, ಕಣ್ಣು ತಪ್ಪಿಸಿ.

ಹಲಗೆಯ ಮೇಲಿನ ನೀರು ಯಾವ ಕಡೆಗೂ ಹರಿಯದೆ ತೆಪ್ಪಗೆ ನಿಂತಿತ್ತು.

"ಹಲಗಿ ಸಪಾಟ ಐತಿ ಅಂತ ನೀರಿಗೆ ಗೊತ್ತಾತು ನೋಡ್ರಿ" ಎಂದವನೇ ಕೇದಾರಿ ಬೆಣೆ ಕಿತ್ತು ಕಿಸೆಗೆ ಹಾಕಿಕೊಂಡು ಎದ್ದ. ಮೇಜು ಮಾಸ್ತರರು ನಿಂತ ಕಡೆ ವಾಲಿತು. ಮೈಲಿಗೆ ತೊಳೆದ ನೀರೆಲ್ಲ ಮಾಸ್ತರರ ಧೋತರದ ಮೇಲೆ ಇಳಿಯಿತು.

ಮುದುಕಿ ತಂಬಿಗೆ ಅವುಚಿಕೊಂಡು ಹಿಂದೆ ಸರಿದಳು, ಹೆತ್ತ ಮಗನಿಂದ.