ಹದಿನೈದು ಚುಕ್ಕಿ

ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕಿ, ಅದರ ಫೋಟೊವನ್ನು ಫೇಸ್‌ಬುಕ್ಕಿನ ರಂಗೋಲಿ ಗುಂಪಿಗೆ ಏರಿಸಿದ ಮೇಲೆಯೇ ಜಲಜಾಕ್ಷಿ ಒಲೆ ಹಚ್ಚುತ್ತಿದ್ದಳು. ಅಷ್ಟರಲ್ಲಾಗಲೇ ಇಂದುಮತಿ ಎಂಬವಳ ರಂಗೋಲಿ ಅಲ್ಲಿ ಮೆರೆಯುತ್ತಿರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

“ನೋಡ್ರೀ, ಒಂದು ಎಳೆ ನೆಟ್ಟಗಿಲ್ಲ, ಅದಕ್ಕೆ ಇನ್ನೂರು ಲೈಕು! ನಾನು ಸೊಂಟ ಮುರ್ಕೊಂಡು ಹದಿನೈದು ಚುಕ್ಕಿದು ಹಾಕಿದ್ದೀನಿ, ನನಗೆ ಮೂವತ್ತು.”

“ಅದರಲ್ಲಿ ಒಂದು ನಂದು,” ಎಂದ ಗಂಡ. “ನಿನ್ನ ಹೊಟ್ಟೆಕಿಚ್ಚಲ್ಲೇ ಹಾಲು ಕಾಯಿಸೇ, ಗ್ಯಾಸ್ ಉಳಿಯುತ್ತೆ.”

ಒಂದು ಸೋಮವಾರ ಇಂದುಮತಿಯ ರಂಗೋಲಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಜಲಜಾಕ್ಷಿಯ ರಂಗೋಲಿಗೆ ಬಿದ್ದ ಲೈಕು ಇನ್ನೂರು ದಾಟಿತು. ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ.

“ಸೋತು ಮೂಲೆ ಸೇರಿದ್ಳು ಕಣ್ರೀ!”

“ಪಾಪ, ಏನಾಯ್ತೋ ಏನೋ.”

“ಏನಾಗುತ್ತೆ? ಇದ್ದ ಸರಕೆಲ್ಲ ಮುಗೀತು. ತಡೀರಿ, ಅವಳನ್ನೇ ಕೇಳ್ತೀನಿ.”

ಚುಚ್ಚಬೇಕೆಂದೇ ಒಂದೊಂದು ಮಾತನ್ನೂ ಆರಿಸಿ, ಅವಳಿಗೆ ಮೆಸೇಜು ಬರೆದಳು: “ಯಾಕಮ್ಮಾ, ಮೂರು ದಿನದಿಂದ ನಿಮ್ಮ ಬಾಗಿಲಿಗೆ ರಂಗೋಲಿನೇ ಇಲ್ಲ?”

ಮಧ್ಯಾಹ್ನ ಉತ್ತರ ಬಂತು. ಗಂಡನಿಗೂ ಕೇಳಲೆಂದು ಜಲಜಾಕ್ಷಿ ಅದನ್ನು ಗಟ್ಟಿಯಾಗಿಯೇ ಓದತೊಡಗಿದಳು:

“ನಮ್ಮತ್ತೆ ಹೋಗ್ಬಿಟ್ರು ಅಕ್ಕ, ಸೂತಕ. ನನಗೆ ಚುಕ್ಕಿ ಇಡೋದು ಕಲಿಸಿದ್ದೇ ಅವರು. ಗುಂಪಿನಲ್ಲಿರೋ ಅಷ್ಟು ಸಾವಿರ ಜನದಲ್ಲಿ, ನನ್ನ ಬಾಗಿಲು ಬರಿದಾಗಿದ್ದನ್ನ ನೋಡಿ ಯಾಕೆ ಅಂತ ಕೇಳಿದವರು ನೀವೊಬ್ರೇ.”