ಬಿಸಿಲು ಹೀರಿದ ಕೌದಿ

ಬಿಸಿಲಿಗೆ ಹರವಿದ ಹಾಸಿಗೆಯ ವಾಸನೆ ಬಂದರೆ ಈಗಲೂ ನಮ್ಮೂರು ರಾಜೇಶ್ವರದ ಮನೆಯಂಗಳದ ಒಂದು ಮಧ್ಯಾಹ್ನ ಕಣ್ಣ ಮುಂದೆ ತೇಲಿ ಬರುತ್ತದೆ.

ತೊಗರಿ ರಾಶಿಯ ಕಾಲ, ಚಳಿ ಬಿದ್ದಿತ್ತು. ತನ್ನ ಹಳೆಯ ಸೀರೆಗಳನ್ನು ಸೇರಿಸಿ ನನಗೆಂದು ಹೊಲಿದ ಕೌದಿಯನ್ನು ಅಜ್ಜಿ ಅಂಗಳದಲ್ಲಿ ಹಾಸಿದ್ದಳು. ಅದರ ಮೇಲೆ ಬಿದ್ದುಕೊಂಡರೆ ಬಿಸಿಲಲ್ಲಿ ಕಾದ ಬಟ್ಟೆ ಕೆನ್ನೆಗೆ ಮೆತ್ತಗೆ ತಾಗುತ್ತಿತ್ತು. ರಾಶಿಯ ಕೆಲಸಕ್ಕೆ ಬಂದಿದ್ದ ಶಾಂತವ್ವನ ಮಗಳು ರತ್ನಿ, ನನಗಿಂತ ಸಣ್ಣವಳು, ದೂರ ನಿಂತು ನೋಡುತ್ತಿದ್ದಳು.

"ನೀವು ಏನ್ ಹೊಚ್ಚಕೋತೀರಿ?" ಎಂದು ಕೇಳಿದೆ.

"ನಾ ಗೋಣಿಚೀಲದಾಗ ಕಾಲ ಹಾಕ್ಕೊಂಡು ಮಲಗ್ತೀನಿ. ಚೀಲ ಒಂದೇ ಅದ, ಅವ್ವ ಏನೂ ಹೊಚ್ಚಕೊಳ್ದೆ ಹಂಗೇ ಮಲಗ್ತಾಳ."

ನಾನು ಸರಿದು ಜಾಗ ಕೊಟ್ಟೆ. ಅವಳು ಅಂಗೈಯಿಂದ ಹೊಲಿಗೆಯನ್ನು ಮೆಲ್ಲಗೆ ಸವರಿದಳು, ಆಮೇಲೆ ಕೆನ್ನೆ ಇಟ್ಟಳು. ನೋಡನೋಡುತ್ತಲೇ ನಿದ್ದೆ ಹೋದಳು. ನಾನು ಪಕ್ಕದಲ್ಲೇ ಮಲಗಿ ಅವಳ ಉಸಿರು ಕೇಳುತ್ತಿದ್ದೆ.

ಹೊತ್ತು ಇಳಿದಾಗ ಶಾಂತವ್ವ ಬಂದು, ಗಾಬರಿಯಿಂದ ಮಗಳನ್ನು ಎಬ್ಬಿಸಲು ಬಗ್ಗಿದಳು.

"ಎಬ್ಬಸಬ್ಯಾಡ ಶಾಂತವ್ವ, ಹಂಗೇ ಸುತ್ತಿ ಒಯ್ಯಿ," ಎಂದಳು ಅಜ್ಜಿ.

"ಕೌದಿ ನಾಳೆ ತಂದ ಕೊಡ್ತೀನ್ರಿ."

"ಅಕಿಗೆ ಅದ್ರಾಗ ಚಲೋ ನಿದ್ದಿ ಹತ್ಯದ. ಅಕಿ ಕಡೀನೇ ಇರ್ಲಿ ಬಿಡು."

ಅದು ನನ್ನದು ಎನ್ನಲು ಬಾಯಿ ತೆರೆದೆ. ಅಜ್ಜಿ ನನ್ನ ಕಡೆ ನೋಡಲಿಲ್ಲ. ಶಾಂತವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದಳು. ಕೌದಿಯ ಅಂಚಿನಿಂದ ಹಿಮ್ಮಡಿ ಒಡೆದ ಪುಟ್ಟ ಪಾದವೊಂದು ಹೊರಗೆ ಇಳಿಬಿದ್ದಿತ್ತು. ನಾನು ಓಡಿಹೋಗಿ ಅದನ್ನು ಒಳಗೆ ಸೇರಿಸಿ, ಅಂಚು ಮಡಚಿದೆ.