ಒಂಟಿ ಎತ್ತಿನ ಹಾಡು

"ನನ್ನ ಮಗಳು ಯಾವಾಗ ಮನಿ ಬಿಟ್ಟು ಹೋದ್ಲು, ಅದೊಂದು ಹೇಳಿಬಿಡ್ರಿ ಅಳಿಯಂದ್ರ!" ಕುರುಗೋಡಿನಿಂದ ಮೊದಲ ಬಸ್ಸಿಗೇ ಬಳ್ಳಾರಿಗೆ ಬಂದ ಚಿದಾನಂದಪ್ಪ, ಗಾಂಧಿನಗರದ ಮನೆಯ ಬಾಗಿಲಲ್ಲಿ ಚಪ್ಪಲಿ ಕೂಡ ಬಿಡದೆ ಕೇಳಿದರು.

ಗವಿಸಿದ್ದೇಶ್ ಕಕ್ಕಾಬಿಕ್ಕಿಯಾದ. "ಅರುಣಾ ಟ್ಯೂಷನ್ ಹೇಳಾಕ ಹೋಗ್ಯಾಳ್ರಿ ಮಾವಾರ. ಇನ್ನೇನು ಬರ್ತಾಳ."

"ಮತ್ತ ಇದೇನು?" ಮಾವ ಫೋನು ಮುಂದೆ ಹಿಡಿದರು. ನಿನ್ನೆ ಸಿರುಗುಪ್ಪದಲ್ಲಿ ಅವನು ಹಾಡಿದ್ದನ್ನು ಯಾರೋ ವಿಡಿಯೋ ಮಾಡಿ ಕಳಿಸಿದ್ದರು. 'ಒಂಟಿ ಎತ್ತು ಎಷ್ಟಂತ ಎಳೀಲಿ ಈ ಬಂಡಿ, ಜೊತಿ ಎತ್ತು ನೊಗ ಕಳಚಿ ಹೋಗೈತಿ...'

"ಜೊತಿ ಎತ್ತು ಅಂದ್ರ ನನ್ನ ಮಗಳ ಅಲ್ಲೇನ್ರಿ? ಓಣಿ ಮಂದಿಯೆಲ್ಲ ಮನಿಗೆ ಬಂದು ಸಮಾಧಾನ ಹೇಳಾಕತ್ತಾರ!"

ನಗಬೇಕೋ ಅಳಬೇಕೋ ಗವಿಸಿದ್ದೇಶನಿಗೆ ತಿಳಿಯಲಿಲ್ಲ. ರಾಕ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಕಿವಿ ಗಡಚಿಕ್ಕುವಂತೆ ಗಿಟಾರು ಬಾರಿಸಿದವನಿಗೆ, ಅದೆಲ್ಲ ಬರೀ ಗದ್ದಲ, ಎದೆಯೊಳಗಿನದು ಒಂದೂ ಇಲ್ಲ ಎಂದು ಹೋದ ವರ್ಷ ಜ್ಞಾನೋದಯವಾಗಿತ್ತು. ಗೆಳೆಯರಿಗೆ ಕೈಮುಗಿದು ಹೊರಬಿದ್ದ. ಈಗ ಒಂದು ಕುರ್ಚಿ, ಒಂದು ಗಿಟಾರು, ಇವನೊಬ್ಬನೇ. ಹಾಡುವುದು ಬ್ಲೂಸ್. ಅಂದರೆ, ಪಟ್ಟ ಪಾಡನ್ನು ಹಸಿಹಸಿಯಾಗಿ ಹಾಡಿಬಿಡುವುದು. ತೊಡಕೆಂದರೆ, ಪುಣ್ಯಾತ್ಮನಿಗೆ ಪಾಡೇ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಮಧ್ಯಾಹ್ನ ಗಡದ್ದು ನಿದ್ದೆ. ಮನೆಯ ಭಾರವೆಲ್ಲ ಅರುಣಾಳ ತಲೆಯ ಮೇಲೆ. ಎಷ್ಟೋ ಕಡೆ ಹಾಡಿದರೂ ಜನ ಆಕಳಿಸಿ ಎದ್ದುಹೋಗಿದ್ದರು. ನಿನ್ನೆ ಮೊದಲ ಸಲ ಕಣ್ಣೊರೆಸಿಕೊಂಡಿದ್ದರು.

"ಅದು ಯಾರ ಮ್ಯಾಲೂ ಕಟ್ಟಿದ್ದಲ್ರಿ ಮಾವಾರ. ನನ್ನ ಒಳಗಿನ ದುಃಖ ಅದು," ಎಂದ. ಹೇಳುವಾಗ ಕೊಂಚ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಅರುಣಾ ಕಾಯಿಪಲ್ಲೆಯ ಚೀಲ ಹಿಡಿದು ಒಳಗೆ ಬಂದಳು. ಚಿದಾನಂದಪ್ಪನವರಿಗೆ ಹೋದ ಜೀವ ಬಂದಂತಾಯಿತು. ಮಗಳ ಕೈ ಬಿಡದೆಯೇ ವಿಡಿಯೋ ಹಚ್ಚಿದರು. ಅವಳು ಚೀಲ ಇಳಿಸದೆ, ನಿಂತಲ್ಲೇ ಪೂರ್ತಿ ಕೇಳಿದಳು. ಗವಿಸಿದ್ದೇಶ್ ಅವಳ ಮುಖವನ್ನೇ ನೋಡುತ್ತಿದ್ದ. ಸಿರುಗುಪ್ಪದ ಜನರೇ ಅತ್ತಿದ್ದಾರೆ, ಕಟ್ಟಿಕೊಂಡವಳು ಒಂದು ಹನಿ ಹಾಕಬಾರದೇ ಎಂದು ಅವನಿಗೆ ಆಸೆ.

"ಇದು ಅಳಿಯಂದ್ರ ಒಳಗಿನ ದುಃಖ ಅಂತವ್ವ," ಎಂದರು ಅಪ್ಪ. "ನಿನಗ ಗೊತ್ತಿತ್ತೇನು?"

"ಗೊತ್ತಿಲ್ದ ಏನಪ್ಪಾ? ದಿನಾ ಭಾಂಡೆ ತೊಳಿಯೋವಾಗ ನಾನ ಅನ್ನೋ ಮಾತಿವು." ಅರುಣಾ ಗಂಡನತ್ತ ತಿರುಗಿದಳು. "ಇವರಿಗೆ ಕೇಳಸ್ತಿತ್ತು ಅನ್ನೋದು ಮಾತ್ರ ಗೊತ್ತಿರಲಿಲ್ಲ."